ಹೊಳೆಯಲ್ಲಿ ಬೆಂಡು ಸರಿಯಾಗಿ ಹೋಗುತ್ತಿಲ್ಲವೇ? ದಾರದ ದೋಷ ಹುಡುಕುವ ಕೈಪಿಡಿ

ಹೊಳೆಯಲ್ಲಿ ದಾರಕ್ಕೆ ಬೆಂಡು (ಮೀನು ಕಚ್ಚಿದ್ದನ್ನು ತೋರಿಸುವ ತೇಲುವ ತುಂಡು) ಕಟ್ಟಿ ಗಾಳ ಹಾಕುವವರು ಒಂದೆರಡು ಸಲ ದಾರ ತುಂಡಾದರೆ ಸಾಕು, ಸೀದಾ ಅಂಗಡಿಗೆ ಹೋಗಿ ಇನ್ನೂ ದಪ್ಪ ದಾರ ತರುತ್ತಾರೆ. ತುಂಡಾಗುವುದು ಕಡಿಮೆಯಾಗಬಹುದು, ಆದರೆ ಮೀನು ಕಚ್ಚುವುದೂ ಕಡಿಮೆಯಾಗುತ್ತದೆ. ಆಮೇಲೆ ಮೇವು ಬದಲಿಸುತ್ತಾರೆ, ಜಾಗ ಬದಲಿಸುತ್ತಾರೆ, ಬೆಳಗ್ಗೆ ಬಿಟ್ಟು ಸಂಜೆ ಬಂದು ನೋಡುತ್ತಾರೆ. ದಾರದ ಮೇಲೆ ಮಾತ್ರ ಅನುಮಾನ ಬರುವುದಿಲ್ಲ. ಹೊಸದಾಗಿ ಗಾಳ ಹಿಡಿದವರಿಗೆ ನಾನು ಹೇಳುವುದು ಇಷ್ಟೇ: ದಾರ ಬದಲಿಸುವ ಮೊದಲು ಎರಡು ಜಾಗ ನೋಡಿ. ನೀರಿನ ಮೇಲೆ ಬೆಂಡು ಹೇಗೆ ಹೋಗುತ್ತಿದೆ ನೋಡಿ. ತುಂಡಾದ ದಾರದ ತುದಿ ಹೇಗಿದೆ ನೋಡಿ. ದೋಷ ಎಲ್ಲಿದೆ ಅನ್ನುವುದು ಬಹಳ ಸಲ ಅಲ್ಲೇ ಗೊತ್ತಾಗಿಬಿಡುತ್ತದೆ.

ನಾನು ಬರೆಯುತ್ತಿರುವುದು ಹರಿಯುವ ನೀರಿನ ಬಗ್ಗೆ. ಕೆರೆಯಲ್ಲಿ, ಜಲಾಶಯದ ಹಿನ್ನೀರಿನಲ್ಲಿ ಬೆಂಡು ಹಾಕಿದಲ್ಲೇ ನಿಲ್ಲುತ್ತದೆ, ಅಲ್ಲಿನ ಲೆಕ್ಕ ಬೇರೆ. ಶ್ರೀರಂಗಪಟ್ಟಣದಿಂದ ಕೆಳಗೆ ತಿ. ನರಸೀಪುರದ ಕಡೆಗಿನ ಕಾವೇರಿ, ಹೇಮಾವತಿ, ತೀರ್ಥಹಳ್ಳಿ ಕಡೆಯ ತುಂಗೆ, ಹೀಗೆ ನಡುವೆ ಸೆಳವು, ದಡದಲ್ಲಿ ನಿಧಾನ ನೀರು, ಅಲ್ಲಲ್ಲಿ ಬಂಡೆ ಇರುವ ಹೊಳೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಮೀನು ಅಂದರೆ ಗೆಂಡೆ, ರೋಹು, ಜಿಲೇಬಿ, ಚಿಕ್ಕಪುಟ್ಟ ಕಾಟ್ಲಾ. ಗಾಳ ಹಾಕುವುದಕ್ಕೆ ಮೀನುಗಾರಿಕೆ ಇಲಾಖೆಯ ಅನುಮತಿ ಬೇಕಾದ ಕಡೆ ಅದನ್ನು ತೆಗೆದುಕೊಂಡೇ ಹೋಗಿ. ರಂಗನತಿಟ್ಟಿನಲ್ಲಿ, ಕಾವೇರಿ ವನ್ಯಜೀವಿ ಧಾಮದ ಒಳಗೆ, ಶೃಂಗೇರಿ, ರಾಮನಾಥಪುರ, ಶಿಶಿಲದಂಥ ದೇವರ ಮೀನಿನ ಮಡುಗಳಲ್ಲಿ ಗಾಳದ ಮಾತೇ ಬೇಡ.

ಮೊದಲು ಕೈಯಲ್ಲಿರುವ ದಾರ ಎಂಥದ್ದು ತಿಳಿದುಕೊಳ್ಳಿ

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಷ್ಟು ಪೌಂಡಿನ ದಾರ ಅಂತ. 1 ಪೌಂಡ್ ಅಂದರೆ ಸುಮಾರು 454 ಗ್ರಾಂ, ಹಾಗಾಗಿ 10 ಪೌಂಡಿನ ದಾರ ಅಂದರೆ ನಾಲ್ಕೂವರೆ ಕಿಲೋ ತಡೆಯುವ ದಾರ. ಆದರೆ ಹೊಳೆಯ ಬೆಂಡಿಗೆ ಪೌಂಡಿಗಿಂತ ಮುಖ್ಯವಾದದ್ದು ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ ದಪ್ಪ. ಹರಿಯುವ ನೀರು ದಾರವನ್ನು ತಳ್ಳುವುದು ಅದರ ದಪ್ಪ ನೋಡಿ, ಅದು ಎಷ್ಟು ಕಿಲೋ ತಡೆಯುತ್ತದೆ ಎಂದು ನೋಡಿ ಅಲ್ಲ. ಸಾಧಾರಣ ನೈಲಾನ್ ದಾರ 0.20 ಮಿ.ಮೀ. ಇದ್ದರೆ ಸುಮಾರು 3 ಕಿಲೋ ತಡೆಯುತ್ತದೆ, 0.25 ಇದ್ದರೆ ನಾಲ್ಕೂವರೆ, 0.30 ಇದ್ದರೆ ಆರರಿಂದ ಏಳು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ.

ಪೊಟ್ಟಣದ ಮೇಲಿನ ಅಂಕಿಯನ್ನು ಹಾಗೇ ನಂಬಬೇಡಿ. 0.25 ಎಂದು ಬರೆದು ಒಳಗೆ 0.30 ಇರುವ ದಾರ ಧಾರಾಳವಾಗಿ ಸಿಗುತ್ತದೆ, ದಪ್ಪ ಜಾಸ್ತಿ ಇದ್ದರೆ ಬಲವೂ ಜಾಸ್ತಿ ಇರುತ್ತದಲ್ವಾ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮನೆಯಲ್ಲೇ ಅಳೆಯಬಹುದು. ಒಂದು ಪೆನ್ಸಿಲ್ ಮೇಲೆ ದಾರವನ್ನು ಒಂದಕ್ಕೊಂದು ತಾಗುವ ಹಾಗೆ, ಮೇಲೆ ಹತ್ತದ ಹಾಗೆ 20 ಸುತ್ತು ಸುತ್ತಿ. ಸ್ಕೇಲ್ ಇಟ್ಟು ಆ ಸುತ್ತಿನ ಅಗಲ ನೋಡಿ. 4 ಮಿ.ಮೀ. ಬಂದರೆ ದಾರ 0.20, 5 ಬಂದರೆ 0.25, 6 ಬಂದರೆ 0.30. ಸುತ್ತುವಾಗ ಎಳೆದು ಬಿಗಿ ಮಾಡಬೇಡಿ, ನೈಲಾನ್ ಹಿಗ್ಗಿ ತೆಳ್ಳಗಾಗುತ್ತದೆ.

ಬಲ ನೋಡುವುದಕ್ಕೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಗಾಳಕ್ಕೆ ಹಾಕುವ ಗಂಟನ್ನೇ ಹಾಕಿ, ದಾರವನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಿ, ಆಮೇಲೆ ನಿಧಾನವಾಗಿ ಎಳೆದು ಎಷ್ಟಕ್ಕೆ ತುಂಡಾಗುತ್ತದೆ ನೋಡಿ. ಕಣ್ಣಿಗೆ ಕನ್ನಡಕ ಇರಲಿ, ತುಂಡಾದ ದಾರ ಜೋರಾಗಿ ಹಿಂದಕ್ಕೆ ಹೊಡೆಯುತ್ತದೆ. ನೆನೆಸುವುದು ಯಾಕೆ ಅಂದರೆ ನೈಲಾನ್ ನೀರು ಕುಡಿಯುತ್ತದೆ. ಒಣಗಿದ ದಾರಕ್ಕೆ ಇದ್ದ ಬಲದಲ್ಲಿ ನೂರಕ್ಕೆ 10ರಿಂದ 20ರಷ್ಟು ಒದ್ದೆಯಾದಾಗ ಹೋಗುತ್ತದೆ. ಗಂಟು ಇನ್ನಷ್ಟು ತಿನ್ನುತ್ತದೆ. ಒದ್ದೆ ದಾರ, ಗಂಟಿನ ಸಮೇತ ಬಂದ ಅಂಕಿಯೇ ನಿಮ್ಮ ದಾರದ ನಿಜವಾದ ಬಲ.

ಬೆಂಡು ಹರಿವು ಬಿಟ್ಟು ದಡದ ಕಡೆಗೆ ಬರುತ್ತಿದೆ

ಬೆಂಡು ಗಾಳದಲ್ಲಿ ನಾನು ಅತಿ ಹೆಚ್ಚು ನೋಡುವ ದೋಷ ಇದು, ಆದರೆ ಇದನ್ನು ದೋಷ ಎಂದು ಗುರುತಿಸುವವರು ಕಡಿಮೆ. ಸೆಳವಿನ ಅಂಚಿಗೆ ಬೆಂಡು ಹಾಕುತ್ತೀರಿ. ಐದಾರು ಮೀಟರ್ ಸರಿಯಾಗಿ ಹೋಗುತ್ತದೆ. ಆಮೇಲೆ ನಿಧಾನವಾಗಿ ಒಳಕ್ಕೆ, ನಿಮ್ಮ ದಡದ ಕಡೆಗೆ ವಾಲುತ್ತಾ ಬರುತ್ತದೆ. ಬೆಂಡು ಹಾಗೆ ಅಡ್ಡಕ್ಕೆ ಬರುತ್ತಿದ್ದರೆ ಕೆಳಗಿರುವ ಮೇವೂ ಅಡ್ಡಕ್ಕೇ ಬರುತ್ತಿರುತ್ತದೆ. ಹೊಳೆಯಲ್ಲಿ ಉದುರಿದ ಕಾಳಾಗಲಿ ಹುಳುವಾಗಲಿ ಅಡ್ಡ ಹರಿಯುವುದಿಲ್ಲ, ನೀರು ಹೋದ ಕಡೆ ಹೋಗುತ್ತದೆ. ನೀರಿನ ಜೊತೆ ಹೋಗದ ಮೇವನ್ನು ಬುದ್ಧಿವಂತ ಗೆಂಡೆ ಮುಟ್ಟುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಸುಲಭದ ದಾರಿ ಇದೆ. ಬೆಂಡು ನೀರಿಗೆ ಬಿದ್ದ ಕೂಡಲೇ ಅದರ ಹತ್ತಿರದಲ್ಲಿ ತೇಲುತ್ತಿರುವ ಎಲೆಯೋ ನೊರೆಯ ಗುಳ್ಳೆಯೋ ಒಂದನ್ನು ಗುರುತು ಇಟ್ಟುಕೊಳ್ಳಿ. ಬೆಂಡು ಮತ್ತು ಆ ನೊರೆ ಒಂದೇ ಗೆರೆಯಲ್ಲಿ ಹೋಗಬೇಕು. ಬೆಂಡು ಸ್ವಲ್ಪ ನಿಧಾನವಾದರೆ ಪರವಾಗಿಲ್ಲ, ನಿಧಾನವಾದರೇ ಒಳ್ಳೆಯದು, ಯಾಕೆಂದರೆ ತಳದ ನೀರು ಮೇಲಿನ ನೀರಿಗಿಂತ ನಿಧಾನ ಹರಿಯುತ್ತದೆ. ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ದಾರ ಬೆಂಡನ್ನು ಎಳೆಯುತ್ತಿದೆ ಎಂದು ಅರ್ಥ. ಬೆಂಡಿನ ಹಿಂದೆ ಸಣ್ಣ ಅಲೆಯ ಗೆರೆ ಎದ್ದರೂ ಅದೇ ದೋಷ.

ಈಗ ಬೆಂಡು ಬಿಟ್ಟು ದಾರವನ್ನೇ ನೋಡಿ. ರಾಡಿನ ತುದಿಯಿಂದ ಬೆಂಡಿನವರೆಗೆ ದಾರ ನೇರವಾಗಿ ಇರುವುದಿಲ್ಲ, ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದ ಹಾಗೆ ನೀರಿನ ಮೇಲೆ ಒಂದು ಕಡೆಗೆ ಬಾಗಿರುತ್ತದೆ. ನಿಮಗೂ ಬೆಂಡಿಗೂ ನಡುವೆ ಜೋರು ಸೆಳವು ಇದ್ದರೆ ಆ ಬಾಗು ಕೆಳಕ್ಕೆ ಹೊಟ್ಟೆ ಬಿಟ್ಟು ಬೆಂಡನ್ನು ಹರಿವಿಗಿಂತ ಬೇಗ ಎಳೆದುಕೊಂಡು ಹೋಗುತ್ತದೆ. ನಿಧಾನ ನೀರು ಇದ್ದರೆ ದಾರ ಹಿಂದೆ ಉಳಿದು ಬೆಂಡನ್ನು ದಡಕ್ಕೆ ಎಳೆಯುತ್ತದೆ. ಎರಡಕ್ಕೂ ಮದ್ದು ಒಂದೇ: ಬೆಂಡು ಅಲುಗಾಡದ ಹಾಗೆ ರಾಡಿನ ತುದಿಯಿಂದ ದಾರವನ್ನು ನೀರಿನಿಂದ ಎತ್ತಿ, ಬಾಗು ಇರುವುದಕ್ಕೆ ವಿರುದ್ಧದ ಕಡೆಗೆ ಮೆಲ್ಲಗೆ ಎಸೆದು ನೇರ ಮಾಡುವುದು.

ದಾರದ ಆಯ್ಕೆ ಲೆಕ್ಕಕ್ಕೆ ಬರುವುದು ಇಲ್ಲೇ. ದಾರ ನೀರಿನ ಮೇಲೆ ತೇಲುತ್ತಿದ್ದರೆ ಮಾತ್ರ ಹೀಗೆ ಎತ್ತಿ ಇಡಬಹುದು. ಮುಳುಗಿದ ದಾರ ಎತ್ತಲು ಹೋದರೆ ಬೆಂಡೇ ಹಿಂದಕ್ಕೆ ಬರುತ್ತದೆ. ನಿಮ್ಮ ದಾರ ತೇಲುತ್ತಿದೆಯೋ ಮುಳುಗುತ್ತಿದೆಯೋ ಅನ್ನುವುದನ್ನು ದಡದಲ್ಲಿ ಬಗ್ಗಿ, ಬೆಳಕಿಗೆ ಎದುರಾಗಿ ನೋಡಿ. ತೇಲುವ ದಾರ ನೀರಿನ ಮೇಲೆ ಸಣ್ಣ ಗೆರೆಯಾಗಿ ಹೊಳೆಯುತ್ತದೆ. ಗೆರೆ ಅರ್ಧಕ್ಕೇ ಮಾಯವಾಗಿದ್ದರೆ ಅಲ್ಲಿಂದ ಮುಂದೆ ದಾರ ಮುಳುಗಿದೆ.

ನೈಲಾನ್ ನೀರಿಗಿಂತ ಸ್ವಲ್ಪ ಭಾರ. ನೀರು 1 ಅಂದರೆ ನೈಲಾನ್ 1.14 ಆಗುತ್ತದೆ. ಆದರೂ ತೆಳ್ಳಗಿನ ನೈಲಾನ್ ದಾರ ಶುದ್ಧವಾಗಿ, ಸ್ವಲ್ಪ ಜಿಡ್ಡಾಗಿ ಇದ್ದರೆ ನೀರಿನ ಮೇಲ್ಮೈ ಅದನ್ನು ಹಿಡಿದುಕೊಳ್ಳುತ್ತದೆ. ಕೆಸರು, ಪಾಚಿ ಅಂಟಿದ ದಾರ ಮುಳುಗುತ್ತದೆ. ಫ್ಲೋರೋಕಾರ್ಬನ್ (ನೈಲಾನ್ ಅಲ್ಲದ ಬೇರೆ ಪ್ಲಾಸ್ಟಿಕ್ಕಿನ) ದಾರ 1.78, ಅದು ಮುಳುಗಿಯೇ ತೀರುತ್ತದೆ. ರೀಲು ತುಂಬ ಫ್ಲೋರೋಕಾರ್ಬನ್ ತುಂಬಿಕೊಂಡು ಹೊಳೆಯಲ್ಲಿ ಬೆಂಡು ಹರಿಸಲು ಒದ್ದಾಡುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ದುಬಾರಿ ದಾರ, ಒಳ್ಳೆಯ ದಾರ, ಆದರೆ ಆ ಕೆಲಸಕ್ಕೆ ಹೇಳಿದ್ದಲ್ಲ. ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದು ಮಾಡಿದ ದಾರ, 0.97, ತಾನಾಗಿಯೇ ತೇಲುತ್ತದೆ, ಅದರ ವಿಷಯ ಮುಂದೆ ಹೇಳುತ್ತೇನೆ.

ನೈಲಾನ್ ಮುಳುಗುತ್ತಿದ್ದರೆ ಹೀಗೆ ಮಾಡಿ. ಒದ್ದೆ ಬಟ್ಟೆಯ ನಡುವೆ ದಾರ ಹಿಡಿದು ಮೂವತ್ತು ಮೀಟರಿನಷ್ಟು ಒರೆಸಿ, ಒಣಗಲು ಬಿಡಿ. ಆಮೇಲೆ ಬೆರಳ ತುದಿಗೆ ಕಡ್ಲೆ ಕಾಳಿನಷ್ಟು ವ್ಯಾಸಲೀನ್ ಹಚ್ಚಿಕೊಂಡು, ಬೆರಳುಗಳ ನಡುವೆ ದಾರ ಹಾಯಿಸುತ್ತಾ ರೀಲಿಗೆ ಸುತ್ತಿ. ಜಾಸ್ತಿ ಬೇಡ, ಜಿಡ್ಡು ಕೈಗೆ ತಿಳಿಯುವಷ್ಟಿದ್ದರೆ ಅದಕ್ಕೆ ಮರಳು ಅಂಟಿ ದಾರ ತೇಯುತ್ತದೆ. ಬೆಂಡಿನಿಂದ ಕೆಳಗಿನ ಭಾಗಕ್ಕೆ ಹಚ್ಚಲೇಬೇಡಿ, ಅದು ಮುಳುಗಬೇಕು. ಮನೆಗೆ ಹೋದ ಮೇಲೆ ಒರೆಸಿ ಇಡಿ.

ಒಂದೇ ಒಂದು ಸಂದರ್ಭದಲ್ಲಿ ಮುಳುಗುವ ದಾರ ಬೇಕು. ಹರಿವು ಇಲ್ಲದ ಮಡುವಿನಲ್ಲಿ ಜೋರು ಗಾಳಿ ಬೀಸಿ ತೇಲುವ ದಾರವನ್ನು ಪಕ್ಕಕ್ಕೆ ತಳ್ಳುತ್ತಿದ್ದರೆ, ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿದ ಬಟ್ಟೆಯಲ್ಲಿ ದಾರ ಒರೆಸಿ ಜಿಡ್ಡು ತೆಗೆಯಿರಿ, ರಾಡಿನ ತುದಿ ನೀರೊಳಗೆ ಅದ್ದಿ ಎರಡು ಸುತ್ತು ರೀಲು ತಿರುಗಿಸಿ. ದಾರ ಮುಳುಗಿ ಗಾಳಿಗೆ ಸಿಗುವುದಿಲ್ಲ. ಹರಿಯುವ ನೀರಿಗೆ ಬಂದಾಗ ಮತ್ತೆ ಜಿಡ್ಡು ಬೇಕು.

ದಾರ ತೇಲುತ್ತಿದೆ, ಎತ್ತಿ ಇಟ್ಟರೂ ಬೆಂಡು ಎಳೆದುಕೊಂಡೇ ಬರುತ್ತಿದೆ ಅಂದರೆ ಆಗ ದಪ್ಪದ ಮೇಲೆ ಅನುಮಾನ ಪಡಿ. 0.20ರಿಂದ 0.30ಕ್ಕೆ ಹೋದರೆ ಬಲ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ನೀರಿಗೂ ಗಾಳಿಗೂ ಸಿಗುವ ಮೈ ಒಂದೂವರೆ ಪಟ್ಟು ಆಗುತ್ತದೆ. ಅದರ ಜೊತೆಗೆ ದಪ್ಪ ದಾರ ಗಡುಸು, ರೀಲಿನಲ್ಲಿ ಸುತ್ತಿದ ಸುರುಳಿಯನ್ನು ಮರೆಯುವುದಿಲ್ಲ, ರಾಡಿನ ಮೇಲೆ ದಾರ ಹಾಯುವ ರಿಂಗುಗಳಲ್ಲಿ ತಡೆಯುತ್ತಾ ಹೋಗುತ್ತದೆ. ಹಗುರ ಬೆಂಡಿಗೆ ಆ ತಡೆ ಮೀರಿ ದಾರ ಎಳೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಬೆಂಡು ಮುಳುಗುತ್ತದೆ, ಎಳೆದರೆ ಮೀನು ಇಲ್ಲ

ಇದರಲ್ಲಿ ಗಾಳ ಮೊಂಡಾಗಿದೆಯೋ, ಮೇವು ಗಾಳದ ಮುಳ್ಳನ್ನು ಮುಚ್ಚಿದೆಯೋ ಅನ್ನುವುದನ್ನು ಮೊದಲು ನೋಡಿಬಿಡಿ. ರಾಗಿ ಮುದ್ದೆಯ ಉಂಡೆ ಗಟ್ಟಿಯಾಗಿದ್ದರೆ ಮುಳ್ಳು ಹೊರಗೇ ಬರುವುದಿಲ್ಲ. ಗಾಳದ ಮುಳ್ಳನ್ನು ಹೆಬ್ಬೆರಳ ಉಗುರಿನ ಮೇಲೆ ಇಟ್ಟು ಮೆಲ್ಲಗೆ ಎಳೆಯಿರಿ, ಜಾರಿದರೆ ಮೊಂಡು, ಕಚ್ಚಿ ನಿಂತರೆ ಸರಿ.

ಅವೆರಡೂ ಸರಿ ಇದ್ದರೆ ದಾರಕ್ಕೆ ಬನ್ನಿ. ರಾಡು ಎತ್ತಿದಾಗ ಮೊದಲು ನೇರವಾಗುವುದು ದಾರದ ಬಾಗು. ಆಮೇಲೆ ನೈಲಾನ್ ಹಿಗ್ಗುತ್ತದೆ. ಅದೆಲ್ಲ ಮುಗಿದ ಮೇಲೆ ಉಳಿದದ್ದು ಗಾಳಕ್ಕೆ ತಲುಪುತ್ತದೆ. ಹತ್ತು ಮೀಟರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೂವತ್ತು ಮೀಟರ್ ಕೆಳಗೆ ಬೆಂಡು ಹೋದಾಗ ಅದೇ ಎಳೆತ ಸಾಲುವುದಿಲ್ಲ. ನೈಲಾನ್ ತುಂಡಾಗುವ ಮೊದಲು ತನ್ನ ಉದ್ದದ ಐದನೇ ಒಂದು ಭಾಗದಷ್ಟು, ಕೆಲವು ಮೆತ್ತನೆಯ ದಾರ ಅದಕ್ಕಿಂತ ಜಾಸ್ತಿ, ಹಿಗ್ಗುತ್ತದೆ.

ದೋಷ ಬಾಗಿನದ್ದೋ ಹಿಗ್ಗುವುದರದ್ದೋ ತಿಳಿಯಲು ದಡದಲ್ಲಿ ಒಬ್ಬರ ಸಹಾಯ ಬೇಕು. ಒಣ ನೆಲದಲ್ಲಿ ಮೂವತ್ತು ಹೆಜ್ಜೆ ದೂರದಲ್ಲಿ ಅವರಿಗೆ ಗಾಳ ಬಿಚ್ಚಿದ ದಾರದ ತುದಿ ಹಿಡಿಯಲು ಹೇಳಿ, ನೀವು ಯಾವಾಗಲೂ ಎಳೆಯುವ ಹಾಗೆ ರಾಡು ಎತ್ತಿ. ದಾರ ನೆಟ್ಟಗಿದ್ದೂ ಅವರ ಬೆರಳಿಗೆ ಬರೀ ಮೆತ್ತಗಿನ ಎಳೆತ ಸಿಕ್ಕಿದರೆ ಹಿಗ್ಗುವ ದಾರ. ಇಲ್ಲಿ ಚುರುಕಾಗಿ ಸಿಕ್ಕು ನೀರಲ್ಲಿ ಮಾತ್ರ ಮೀನು ತಪ್ಪುತ್ತಿದ್ದರೆ ಬಾಗಿನ ದೋಷ, ಅದಕ್ಕೆ ಹೊಸ ದಾರ ಬೇಕಾಗಿಲ್ಲ, ದಾರ ತೇಲಿಸಿ ನೇರ ಇಟ್ಟುಕೊಂಡರೆ ಸಾಕು. ಬೆಂಡನ್ನು ಸುಮ್ನೆ ಬಿಟ್ಟುಕೊಂಡು ಹೋಗದೆ ಬೆರಳನ್ನು ಸ್ಪೂಲಿನ (ರೀಲಿನಲ್ಲಿ ದಾರ ಸುತ್ತಿರುವ ಭಾಗ) ಅಂಚಿಗೆ ತಾಗಿಸಿ ಸ್ವಲ್ಪ ತಡೆ ಕೊಡುತ್ತಾ ಬಿಟ್ಟರೆ ದಾರ ತಾನೇ ನೆಟ್ಟಗಾಗುತ್ತದೆ, ಮೇವೂ ಬೆಂಡಿಗಿಂತ ಮುಂದೆ ಹೋಗುತ್ತದೆ. ಎಳೆಯುವುದನ್ನೂ ಮೇಲಕ್ಕೆ ಎತ್ತುವ ಬದಲು ಪಕ್ಕಕ್ಕೆ, ಹರಿವಿಗೆ ವಿರುದ್ಧವಾಗಿ ಉದ್ದಕ್ಕೆ ಎಳೆಯಿರಿ.

ಯಾವಾಗಲೂ ಅಷ್ಟು ದೂರಕ್ಕೇ ಬೆಂಡು ಹರಿಸುವವರಾದರೆ ಬ್ರೇಡ್ ಬಗ್ಗೆ ಯೋಚಿಸಬಹುದು. ಹಿಗ್ಗುವುದಿಲ್ಲ ಅನ್ನುವಷ್ಟು ಕಡಿಮೆ ಹಿಗ್ಗುತ್ತದೆ, ತೇಲುತ್ತದೆ, ಅಷ್ಟೇ ಬಲಕ್ಕೆ ನೈಲಾನಿಗಿಂತ ಬಹಳ ತೆಳು. ಆದರೂ ಹೊಸಬರಿಗೆ ನಾನು ಹೇಳುವುದಿಲ್ಲ. ಅದು ನೂಲಿನ ಹಾಗೆ ಮೆತ್ತಗಿರುವುದರಿಂದ ಬೆಂಡಿನ ತುದಿಗೂ ರಾಡಿನ ತುದಿಗೂ ಸುತ್ತಿಕೊಳ್ಳುತ್ತದೆ. ಬಂಡೆಗೆ ಉಜ್ಜಿದರೆ ಒಂದೊಂದೇ ಎಳೆ ಹರಿದು ಹೋಗುತ್ತದೆ. ಮೀನು ಹತ್ತಿರದಲ್ಲಿ ಜೋರಾಗಿ ತಿರುಗಿದಾಗ ತಡೆದುಕೊಳ್ಳುವ ಹಿಗ್ಗು ಇಲ್ಲದ್ದರಿಂದ ಗಾಳ ಬಾಯಿಂದ ಕಿತ್ತು ಬರುತ್ತದೆ. ಬಳಸುವುದಾದರೆ ಬೆಂಡು ಇರುವ ಭಾಗವೂ ಸೇರಿ ಕೊನೆಯ ಮೂರ್ನಾಲ್ಕು ಮೀಟರ್ ನೈಲಾನ್ ಕಟ್ಟಿಕೊಳ್ಳಿ. ಸಿಕ್ಕಿಕೊಂಡ ಬ್ರೇಡನ್ನು ಬರಿಗೈಗೆ ಸುತ್ತಿ ಎಳೆಯಬೇಡಿ, ಬೆರಳು ಕೊಯ್ಯುತ್ತದೆ. ಒಂದು ಕೋಲಿಗೆ ಸುತ್ತಿ ಎಳೆಯಿರಿ.

ದಾರ ತುಂಡಾಗುತ್ತಿದೆ

ತುಂಡಾದ ಕೂಡಲೇ ಬೈದುಕೊಂಡು ಹೊಸ ಗಾಳ ಕಟ್ಟಬೇಡಿ. ಉಳಿದ ತುದಿಯನ್ನು ಬಿಳಿ ಕಾಗದದ ಮೇಲೆ ಇಡಿ, ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಒಂದು ನಿಮಿಷದ ಕೆಲಸ.

ತುದಿ ಸ್ಪ್ರಿಂಗಿನ ಹಾಗೆ ಸಣ್ಣ ಸಣ್ಣ ಸುರುಳಿಯಾಗಿದ್ದರೆ ದಾರ ತುಂಡಾಗಿಯೇ ಇಲ್ಲ, ಗಂಟು ಜಾರಿದೆ. ಗಾಳದ ಕಣ್ಣಿನಿಂದ ದಾರ ಬಿಚ್ಚಿಕೊಂಡು ಹೋಗಿದೆ. ಹತ್ತು ಪೌಂಡಿನ ಬದಲು ಇಪ್ಪತ್ತು ಪೌಂಡ್ ಹಾಕಿದರೂ ಇದು ಸರಿಯಾಗುವುದಿಲ್ಲ, ದಪ್ಪ ದಾರದಲ್ಲಿ ಗಂಟು ಬಿಗಿಯಾಗುವುದು ಇನ್ನೂ ಕಷ್ಟ. ಸುತ್ತು ಕಡಿಮೆಯಾಗಿತ್ತು ಅಥವಾ ಪೂರ್ತಿ ಬಿಗಿ ಮಾಡಿರಲಿಲ್ಲ. ಗಾಳದ ಕಣ್ಣಿಗೆ ದಾರ ಹಾಯಿಸಿ, ತನ್ನ ಮೇಲೆ ತಾನು ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಹತ್ತಿರದ ಸಂದಿಯಲ್ಲಿ ತೂರಿಸಿ, ಆಗ ಬಂದ ದೊಡ್ಡ ಸುತ್ತಿನೊಳಗೆ ಮತ್ತೊಮ್ಮೆ ತೂರಿಸಿ. ಬಿಗಿ ಮಾಡುವ ಮೊದಲು ಬಾಯಲ್ಲಿ ಇಟ್ಟು ಎಂಜಲು ಮಾಡಿ, ನಿಧಾನವಾಗಿ ಎಳೆಯಿರಿ. ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರಬೇಕು, ಒಂದರ ಮೇಲೊಂದು ಹತ್ತಿರಬಾರದು. ಉಳಿದ ತುದಿಯನ್ನು 2 ಮಿ.ಮೀ. ಬಿಟ್ಟು ಕತ್ತರಿಸಿ. ಬ್ರೇಡಿಗೆ ಈ ಗಂಟು ಜಾರುತ್ತದೆ, ಅದಕ್ಕೆ ದಾರವನ್ನು ಮಡಚಿ ಜೋಡಿಯಾಗಿ ಕಣ್ಣಿಗೆ ಹಾಯಿಸಿ ಹಾಕುವ ಪಾಲೋಮಾರ್ ಗಂಟೇ ವಾಸಿ.

ತುಂಡಾದದ್ದು ಗಂಟಿನ ಬುಡದಲ್ಲೇ, ಅಲ್ಲಿ ದಾರ ಬೆಳ್ಳಗೆ ಮಂಕಾಗಿದೆ, ಗುಂಗುರಾಗಿದೆ ಅಂದರೆ ಒಣ ಗಂಟನ್ನು ಜೋರಾಗಿ ಎಳೆದು ಬಿಸಿ ಮಾಡಿದ್ದೀರಿ. ದಾರ ದಾರಕ್ಕೆ ಉಜ್ಜಿದ ಬಿಸಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಆ ಬಿಳಿ ಕಲೆ ಕಂಡ ಗಂಟನ್ನು ಯಾವತ್ತೂ ನೀರಿಗೆ ಬಿಡಬೇಡಿ, ಕತ್ತರಿಸಿ ಮತ್ತೆ ಹಾಕಿ.

ತುದಿ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನೇರವಾಗಿದ್ದರೆ ಏನೋ ಕೊಯ್ದಿದೆ. ಅದು ಎಲ್ಲಿ ಆಯಿತು ಅನ್ನುವುದು ಮುಖ್ಯ. ಗಾಳದಿಂದ ಸ್ವಲ್ಪ ಮೇಲಿದ್ದರೆ ಬಂಡೆ ಅಥವಾ ನೀರೊಳಗಿನ ಚಿಪ್ಪು ಇರಬಹುದು. ಮೇವು ಮುಳುಗಲೆಂದು ದಾರಕ್ಕೆ ಅಮುಕಿದ ಸೀಸದ ಗುಂಡು ಇದ್ದ ಜಾಗದಲ್ಲೇ ಆಗಿದ್ದರೆ ದೋಷ ನಿಮ್ಮ ಇಕ್ಕಳದ್ದು. ಗಟ್ಟಿ ಸೀಸವನ್ನು ಇಕ್ಕಳದಲ್ಲಿ ಅಮುಕಿದರೆ ದಾರ ಚಪ್ಪಟೆಯಾಗುತ್ತದೆ, ಆಮೇಲೆ ಆಳ ಬದಲಿಸಲು ಅದನ್ನು ದಾರದ ಮೇಲೆ ಜಾರಿಸಿದರೆ ದಾರದ ಮೈ ಸುಲಿಯುತ್ತದೆ. ಬೆರಳಲ್ಲೇ ಅಮುಕಿ ಬಿಚ್ಚಬಹುದಾದ ಮೆತ್ತನೆಯ ಗುಂಡು ತನ್ನಿ. ಜಾರಿಸಲೇಬೇಕಾದರೆ ದಾರ ಒದ್ದೆ ಮಾಡಿ ಜಾರಿಸಿ, ಇಲ್ಲವೇ ಬಿಚ್ಚಿ ಬೇರೆ ಕಡೆ ಹಾಕಿ.

ತುದಿ ಒರಟಾಗಿ, ಅದರ ಹಿಂದಿನ ಒಂದೆರಡು ಮೀಟರ್ ಬೆರಳಿಗೆ ಗರಗರ ಅನ್ನಿಸಿದರೆ ತೇಯ್ದ ದಾರ. ನಡು ಬೆರಳು ಹೆಬ್ಬೆರಳ ನಡುವೆ ದಾರ ಹಾಯಿಸಿ ನೋಡಿ, ಕಣ್ಣಿಗೆ ಕಾಣದ ಗೀರು ಬೆರಳಿಗೆ ಸಿಗುತ್ತದೆ. ತುಂಗಭದ್ರೆಯಲ್ಲೂ ಕಾವೇರಿಯಲ್ಲೂ ಕಣಶಿಲೆಯ ಬಂಡೆ ಇರುವ ಕಡೆ ಇದು ಇದ್ದದ್ದೇ. ಪ್ರತಿ ಸಲ ಗಾಳ ಬಿಚ್ಚಿ ಎದ್ದು ಹೋಗುವಾಗ ಮುಂದಿನ ಎರಡು ಮೀಟರ್ ಕತ್ತರಿಸುವ ಅಭ್ಯಾಸ ಮಾಡಿಕೊಂಡರೆ ಈ ಕಾಟ ಬಹಳ ಕಡಿಮೆಯಾಗುತ್ತದೆ. ಆದರೆ ಗೀರು ಇಪ್ಪತ್ತು ಮೂವತ್ತು ಮೀಟರ್ ಉದ್ದಕ್ಕೂ ಇದ್ದರೆ ಬಂಡೆ ಅಲ್ಲ, ರಾಡಿನ ರಿಂಗು ಒಡೆದಿದೆ. ಒಂದು ಚೂರು ಹತ್ತಿಯನ್ನು ಪ್ರತಿ ರಿಂಗಿನ ಒಳಗೆ ಆಡಿಸಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಆ ರಿಂಗು ಬದಲಿಸಬೇಕು. ತುದಿಯ ರಿಂಗನ್ನು ಮೊದಲು ನೋಡಿ, ಜಾಸ್ತಿ ಪೆಟ್ಟು ಬೀಳುವುದು ಅದಕ್ಕೇ. ರಿಂಗು ಸರಿ ಮಾಡದೆ ದಾರ ಬದಲಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ತುದಿ ಉದ್ದಕ್ಕೆ ಹಿಗ್ಗಿ ತೆಳ್ಳಗಾಗಿ, ಸ್ವಲ್ಪ ಗುಂಗುರಾಗಿ ಇದ್ದರೆ ಮಾತ್ರ ನಿಜವಾಗಿ ಬಲ ಸಾಲದೆ ತುಂಡಾದದ್ದು. ಆಗಲೂ ಅಂಗಡಿಗೆ ಓಡುವ ಮೊದಲು ರೀಲಿನ ಡ್ರ್ಯಾಗ್ (ಮೀನು ಜೋರಾಗಿ ಎಳೆದರೆ ದಾರ ಬಿಟ್ಟುಕೊಡುವ ಬ್ರೇಕು) ನೋಡಿ. ಅದೇ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ರಾಡು ಬಾಗಿಸಿ ಎಳೆಯಿರಿ. ದಾರದ ಒದ್ದೆ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ರೀಲು ದಾರ ಬಿಡಲು ಶುರು ಮಾಡಬೇಕು. ಒದ್ದೆ ಬಲ 3 ಕಿಲೋ ಬಂದಿದ್ದರೆ ಮುಕ್ಕಾಲು ಕಿಲೋದಿಂದ 1 ಕಿಲೋ. ಬಹಳ ಜನ ಇದನ್ನು ಕೈ ಅಂದಾಜಿನಲ್ಲಿ ಇಟ್ಟಿರುತ್ತಾರೆ, ತೂಗಿ ನೋಡಿದರೆ ಅದು ಅದರ ಎರಡು ಪಟ್ಟು ಇರುತ್ತದೆ.

ಇನ್ನೊಂದು ಇದೆ, ಯಾರೂ ಗಮನಿಸದ್ದು. ಎಸೆಯುವಾಗ ದಾರದ ನಡುವೆ ತಾನಾಗಿ ಬಿದ್ದ ಒಂಟಿ ಗಂಟು. ಸಾಸಿವೆ ಕಾಳಿನಷ್ಟೂ ಇರುವುದಿಲ್ಲ, ಆದರೆ ದಾರದ ಬಲವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಸಿಕ್ಕು ಬಿಡಿಸಿದ ಮೇಲೆ ಪ್ರತಿ ಸಲ ತುದಿ ದಾರವನ್ನು ಬೆರಳಲ್ಲಿ ಹಾಯಿಸಿ ನೋಡಲೇಬೇಕು.

ಹೊಸ ದಾರವೇ ಹೀಗೆಲ್ಲ ತುಂಡಾಗುತ್ತಿದೆ, ಎಲ್ಲಿ ಹಿಡಿದು ಜಗ್ಗಿದರೂ ಪಟ್ ಅನ್ನುತ್ತದೆ ಅಂದರೆ ಬಿಸಿಲು ತಿಂದ ಹಳೇ ಮಾಲು. ಅಂಗಡಿಯ ಮುಂದೆ ಬಿಸಿಲಲ್ಲಿ ನೇತು ಹಾಕಿದ ಸ್ಪೂಲುಗಳನ್ನು ಕೊಳ್ಳಬೇಡಿ, ಒಳಗಿನ ಪೆಟ್ಟಿಗೆಯಿಂದ ತೆಗೆಸಿ. ನಿಮ್ಮ ರೀಲನ್ನೂ ಕಾರಿನ ಹಿಂದಿನ ಗಾಜಿನ ಹತ್ತಿರ ಬಿಟ್ಟು ಹೋಗಬೇಡಿ.

ಸುರುಳಿ ಮತ್ತು ತಿರುಚು

ಎರಡೂ ನೋಡಲು ಒಂದೇ ಥರ ಕಾಣುತ್ತವೆ, ಆದರೆ ಬೇರೆ ಬೇರೆ. ಮೂರು ಮೀಟರ್ ದಾರ ಹೊರಗೆ ತೆಗೆದು ಎರಡೂ ತುದಿ ಹಿಡಿದು ನಿಧಾನವಾಗಿ ಹತ್ತಿರ ತನ್ನಿ. ಜೋತುಬಿದ್ದ ಭಾಗ ತನ್ನ ಸುತ್ತ ತಾನೇ ಹೊಸೆದುಕೊಂಡರೆ ತಿರುಚು. ಹೊಸೆದುಕೊಳ್ಳದೆ ಬರೀ ಉಂಗುರ ಉಂಗುರವಾಗಿ ನಿಂತರೆ ಸ್ಪೂಲಿನ ಸುರುಳಿ. ಸುರುಳಿಗೆ ಸ್ಪೂಲನ್ನು ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ದಾರವನ್ನು ಮರಕ್ಕೆ ಕಟ್ಟಿ ಮೆಲ್ಲಗೆ ಎಳೆದು ನಿಲ್ಲಿಸಿದರೆ ಸಾಕು. ತಿರುಚು ಬರುವುದು ಹೆಚ್ಚಾಗಿ ದಾರ ತುಂಬುವಾಗ, ಇಲ್ಲವೇ ಮೀನು ದಾರ ಎಳೆದುಕೊಂಡು ಹೋಗುತ್ತಿರುವಾಗಲೂ ರೀಲು ತಿರುಗಿಸುತ್ತಲೇ ಇದ್ದಾಗ. ಹೊಳೆಯಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ: ಬೆಂಡು, ಸೀಸ, ಗಾಳ ಎಲ್ಲ ಬಿಚ್ಚಿ, ಬರೀ ದಾರವನ್ನು ನಲವತ್ತು ಮೀಟರ್ ಸೆಳವಿಗೆ ಬಿಟ್ಟು ಐದು ನಿಮಿಷ ಹಿಡಿದು ನಿಲ್ಲಿ. ಹರಿವೇ ತಿರುಚು ಬಿಡಿಸುತ್ತದೆ. ಆಮೇಲೆ ಬೆರಳ ನಡುವೆ ಬಿಗಿ ಹಿಡಿದು ಸುತ್ತಿಕೊಳ್ಳಿ. ಸ್ಪೂಲಿನ ಅಂಚಿನಿಂದ ಒಂದೂವರೆ ಎರಡು ಮಿ.ಮೀ. ಕೆಳಗಿನವರೆಗೆ ತುಂಬಿ. ಕಡಿಮೆ ತುಂಬಿದರೆ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ, ಜಾಸ್ತಿಯಾದರೆ ಕುಣಿಕೆ ಕುಣಿಕೆಯಾಗಿ ಉದುರುತ್ತದೆ.

ತಿಳಿ ನೀರಿನಲ್ಲಿ ಮೀನು ಬಂದು ವಾಪಸ್ ಹೋಗುತ್ತದೆ

ಮಳೆಗಾಲ ಮುಗಿದು ಕೆಂಪು ನೀರು ಇಳಿದು, ಚಳಿಗಾಲದಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿಯಾದಾಗ ಈ ದೂರು ಬರುತ್ತದೆ. ಬೆಂಡು ಒಂದು ಸಲ ಅದುರಿ ಸುಮ್ಮನಾಗುತ್ತದೆ. ಇಲ್ಲಿ ಬದಲಿಸಬೇಕಾದದ್ದು ರೀಲಿನ ದಾರವಲ್ಲ, ಗಾಳಕ್ಕೆ ಕಟ್ಟುವ ಕೊನೆಯ ಮೊಳದಷ್ಟು ತುದಿ ದಾರ. ರೀಲಿನದಕ್ಕಿಂತ ಅದು ಒಂದು ಅಳತೆ ತೆಳ್ಳಗಿರಲಿ. ಫ್ಲೋರೋಕಾರ್ಬನ್ ಉಪಯೋಗಕ್ಕೆ ಬರುವುದು ಈ ಜಾಗದಲ್ಲೇ. ಅದು ಬೆಳಕನ್ನು ಬಾಗಿಸುವ ಪ್ರಮಾಣ 1.42, ನೀರಿನದು 1.33, ನೈಲಾನಿನದು 1.5ಕ್ಕಿಂತ ಮೇಲೆ. ನೀರಿಗೆ ಹತ್ತಿರವಾದಷ್ಟೂ ಕಾಣುವುದು ಕಡಿಮೆ. ಕೆಂಪು ನೀರಲ್ಲಿ ಅದಕ್ಕೆ ದುಡ್ಡು ಹಾಕುವುದು ದಂಡ.

ತುದಿ ದಾರ ತೆಳ್ಳಗಿರಬೇಕು ಅನ್ನುವುದಕ್ಕೆ ನನಗೆ ಇನ್ನೂ ದೊಡ್ಡ ಕಾರಣ ಬೇರೆ ಇದೆ. ಗಾಳ ಬಂಡೆಗೆ ಸಿಕ್ಕಿಕೊಂಡರೂ ದೊಡ್ಡ ಮೀನು ಎಳೆದುಕೊಂಡು ಹೋದರೂ ತುಂಡಾಗುವುದು ಆ ಮೊಳದಷ್ಟು ದಾರ ಮಾತ್ರ ಆಗಬೇಕು. ಮೇಲಿನದ್ದು ತುಂಡಾದರೆ ಬೆಂಡು, ಸೀಸ, ಹತ್ತಾರು ಮೀಟರ್ ನೈಲಾನ್ ಎಲ್ಲ ಹೊಳೆಯಲ್ಲೇ ಉಳಿಯುತ್ತದೆ. ಬಾಯಲ್ಲಿ ಗಾಳ, ಹಿಂದೆ ಬೆಂಡು ಎಳೆದುಕೊಂಡು ಹೋದ ಮೀನು ಬೇರಿಗೆ ಸುತ್ತಿಕೊಂಡು ಸಾಯುತ್ತದೆ. ನೀರುಕಾಗೆ, ಬೆಳ್ಳಕ್ಕಿಗಳ ಕಾಲಿಗೆ ಆ ದಾರ ಸುತ್ತಿಕೊಳ್ಳುತ್ತದೆ. ತುಂಗಭದ್ರೆಯಲ್ಲಿ ನೀರುನಾಯಿಗಳಿಗಾಗಿಯೇ 2015ರಲ್ಲಿ ಸಂರಕ್ಷಣಾ ಪ್ರದೇಶ ಮಾಡಿದ್ದಾರೆ, ಅಂಥ ಹೊಳೆಗಳ ದಡದಲ್ಲಿ ನಾವು ಬಿಟ್ಟ ಒಂದು ಮೀಟರ್ ದಾರವೂ ಅವಕ್ಕೆ ಉರುಳಾಗಬಹುದು. ಕತ್ತರಿಸಿದ ತುಂಡುಗಳನ್ನು ಒಂದು ಡಬ್ಬಿಗೆ ಹಾಕಿಕೊಂಡು ಮನೆಗೆ ತನ್ನಿ, ಕತ್ತರಿಯಲ್ಲಿ ಸಣ್ಣ ಸಣ್ಣ ತುಂಡು ಮಾಡಿ ಕಸಕ್ಕೆ ಹಾಕಿ. ಸುಡಬೇಡಿ.

ಹಾಗಾದರೆ ಯಾವ ದಾರ ಹಾಕಬೇಕು

ಸಾಧಾರಣ ಸೆಳವು, ಒಂದು ಎರಡು ಕಿಲೋ ಒಳಗಿನ ಮೀನು ಅಂದರೆ ರೀಲಿಗೆ 0.22 ಅಥವಾ 0.25ರ ಮೆತ್ತನೆಯ ನೈಲಾನ್, ತುದಿಗೆ 0.18 ಅಥವಾ 0.20. ಬರೀ ಜಿಲೇಬಿಗೆ ಹೋಗುವುದಾದರೆ ಇನ್ನೂ ತೆಳ್ಳಗೆ, 0.18ಕ್ಕೆ 0.16 ತುದಿ ಸಾಕು. ಬಂಡೆ ಜಾಸ್ತಿ, ದೊಡ್ಡ ಗೆಂಡೆ ಕಾಟ್ಲಾ ಬರುವ ಮಡು ಅಂದರೆ 0.30ಕ್ಕೆ 0.25 ತುದಿ, ಅದಕ್ಕಿಂತ ಮೇಲೆ ಹೋದರೆ ಬೆಂಡು ಹರಿಸುವ ಆಸೆ ಬಿಟ್ಟು ಸೀಸ ಕಟ್ಟಿ ತಳಕ್ಕೆ ಹಾಕುವುದೇ ಮೇಲು. ರೀಲಿಲ್ಲದೆ ಬಿದಿರು ಕೋಲಿಗೆ ದಾರ ಕಟ್ಟುವವರು 0.25ಕ್ಕಿಂತ ಕೆಳಗೆ ಇಳಿಯಬೇಡಿ, ಮೀನು ಎಳೆದಾಗ ಬಿಟ್ಟುಕೊಡಲು ನಿಮ್ಮ ಬಳಿ ಕೋಲಿನ ಬಾಗು ಮಾತ್ರ ಇರುತ್ತದೆ. ದಾರದ ಬಣ್ಣ ನಿಮ್ಮ ಕಣ್ಣಿಗೆ ಕಾಣುವಂಥದ್ದಾಗಿದ್ದರೆ ನೀರಿನ ಮೇಲಿನ ಬಾಗು ನೋಡಲು ಸುಲಭ, ತುದಿ ದಾರ ಬಣ್ಣವಿಲ್ಲದ್ದಾಗಿರಲಿ. ಅಣೆಕಟ್ಟಿನ ಕೆಳಗೆ ನಿಂತಿದ್ದಾಗ ಬೆಂಡು ಇದ್ದಕ್ಕಿದ್ದಂತೆ ಜೋರಾಗಿ ಓಡಲು ಶುರುವಾದರೆ, ಕಸಕಡ್ಡಿ ತೇಲಿ ಬಂದರೆ, ದಾರದ ಚಿಂತೆ ಬಿಟ್ಟು ಮೊದಲು ದಡಕ್ಕೆ ಬನ್ನಿ. ಮೇಲೆ ನೀರು ಬಿಟ್ಟಿರುತ್ತಾರೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ, ತೆಳ್ಳನೆ ದಾರ, ತೇಲುವ ದಾರ, ನೇರ ದಾರ ಎಲ್ಲ ಇದ್ದೂ ಬೆಂಡು ಇನ್ನೂ ಗೆರೆ ಬಿಟ್ಟು ಬರುತ್ತಿದ್ದರೆ ದಾರವನ್ನು ಬಿಟ್ಟುಬಿಡಿ, ಬೆಂಡು ನೋಡಿ. ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಚೂರು, ಥರ್ಮೋಕೋಲ್ ತುಂಡು ನೀರಿನ ಮೇಲೆ ಕೂತಿರುತ್ತವೆ, ನೀರೊಳಗೆ ಇಳಿದಿರುವುದಿಲ್ಲ. ಹರಿವು ಹಿಡಿದುಕೊಳ್ಳಲು ಅವಕ್ಕೆ ಮೈ ಸಾಲದು, ಗಾಳಿಗೂ ದಾರಕ್ಕೂ ಅವು ಸುಲಭದ ತುತ್ತು. ಮೇಲೆ ದಪ್ಪಗಿದ್ದು ಕೆಳಕ್ಕೆ ಸಣ್ಣಗಾಗುವ, ನಾಲ್ಕೈದು ಗ್ರಾಂ ಸೀಸ ಹೊರುವ ಉದ್ದನೆಯ ಬೆಂಡು ತಂದು, ಬರೀ ತುದಿ ಕಾಣುವಷ್ಟು ಸೀಸ ಹಾಕಿ. ಸೀಸದ ಹೆಚ್ಚಿನ ಭಾಗ ಗಾಳದಿಂದ ಎರಡು ಮೊಳ ಮೇಲೆ ಒಟ್ಟಿಗೆ ಇರಲಿ, ಒಂದು ಸಣ್ಣ ಗುಂಡು ಮಾತ್ರ ಗಾಳದ ಹತ್ತಿರ. ಇಷ್ಟು ಮಾಡಿ ಅದೇ ಜಾಗಕ್ಕೆ, ಅದೇ ದಾರದಲ್ಲಿ ಹಾಕಿ ನೊರೆಯ ಪಕ್ಕದಲ್ಲಿ ಹೋಗುತ್ತದಾ ನೋಡಿ.